ಎಣಿಸಬೇಡ ಎಂದವಳು ನಾನು

ಆ ಸದ್ದು ಹೇಗಿತ್ತೆಂದು ಹೇಳುವುದು ಕಷ್ಟ. ತೆಂಗಿನಕಾಯಿ ಒಡೆದಂತೆ ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅಷ್ಟು ಜೋರಾಗಿರಲಿಲ್ಲ. ತುಂಬಿದ ಕೊಡವನ್ನು ಕಲ್ಲುಹಾಸಿನ ಮೇಲೆ ತುಸು ಬಿರುಸಾಗಿ ಇಳಿಸಿದರೆ ಬರುತ್ತದಲ್ಲ, ಅಂಥ ಸದ್ದು. ಅರ್ಧವನ್ನು ನೀರು ನುಂಗಿಕೊಂಡಿತ್ತು. ಈಗಲೂ ಮನೆಯಲ್ಲಿ ಯಾರಾದರೂ ಕುಕ್ಕರನ್ನು ಕಟ್ಟೆಯ ಮೇಲೆ ಕುಕ್ಕಿದರೆ ನನ್ನ ಎರಡೂ ಕೈ ತಾವಾಗಿ ಮುಂದಕ್ಕೆ ಚಾಚುತ್ತವೆ. ಚಾಚಬೇಕಾಗಿದ್ದ ಒಂದೇ ಒಂದು ಸಲ ಅವು ಬೇರೆ ಕೆಲಸದಲ್ಲಿದ್ದವು.

ನಮ್ಮ ಸಂಘದ ಈಜುಕೊಳ ಬಸವನಗುಡಿಯಿಂದ ಹನುಮಂತನಗರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿದೆ. ಸಣ್ಣ ಕೊಳ. ಉದ್ದ ಇಪ್ಪತ್ತೈದು ಮೀಟರ್, ಐದು ಲೇನ್. ಒಂದು ತುದಿಯಲ್ಲಿ ಎದೆಮಟ್ಟದ ನೀರು, ಇನ್ನೊಂದು ತುದಿಯಲ್ಲಿ ಎರಡಾಳು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಹೆಂಗಸರ ಬ್ಯಾಚ್. ಹೈಸ್ಕೂಲಿನಲ್ಲಿದ್ದಾಗ ನಾನು ಈಜು ಕಲಿತದ್ದೂ ಅಲ್ಲೇ. ಈಗ ಒಂದು ಪ್ರಕಾಶನಕ್ಕೆ ಮನೆಯಿಂದಲೇ ಕರಡು ತಿದ್ದಿಕೊಡುತ್ತೇನೆ. ದಿನವಿಡೀ ಬಗ್ಗಿದ ಕತ್ತಿಗೆ ಆ ಒಂದು ಗಂಟೆ ಔಷಧಿಯ ಹಾಗಿತ್ತು.

ಆ ಹುಡುಗಿ ಅಲ್ಲಿಗೆ ಬಂದದ್ದು ಕಳೆದ ಬೇಸಿಗೆಯ ಕೊನೆಯಲ್ಲಿ. ಹತ್ತೊಂಬತ್ತು ವರ್ಷ. ಎರಡೂ ಕಣ್ಣು ಕಾಣುವುದಿಲ್ಲ. ಆರನೇ ವಯಸ್ಸಿನಲ್ಲಿ ಒಂದು ಜ್ವರದಲ್ಲಿ ಹೋದವು. ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದಳು. ಚಾಮರಾಜಪೇಟೆಯ ವಠಾರದಲ್ಲಿ ತಾಯಿಯೊಂದಿಗೆ ಮನೆ. ಕಾಲೇಜು ಮುಗಿಸಿ ಒಬ್ಬಳೇ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೊಬ್ಬ ಕೋಚ್ ಇದ್ದರು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಕತ್ತಿನಲ್ಲಿ ಸದಾ ಸ್ಟಾಪ್‌ವಾಚ್. ಅಂಧ ಈಜುಗಾರರ ರಾಜ್ಯ ತಂಡದ ಆಯ್ಕೆಗೆ ಅವಳನ್ನು ತಯಾರು ಮಾಡುತ್ತಿದ್ದರು. ಬೇರೆ ಎರಡು ಕೊಳದವರು ಆಗುವುದಿಲ್ಲ ಎಂದಿದ್ದರಂತೆ. ನಮ್ಮಲ್ಲಿ ಒಪ್ಪಿಗೆ ಕೊಡಿಸಿದವರು ಮಿಸ್.

ಮಿಸ್ ಎಂದರೆ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಎಪ್ಪತ್ತೈದು ದಾಟಿದೆ, ಸಂಘದ ಕಾರ್ಯದರ್ಶಿ. ಸಮಿತಿಯ ಉಳಿದವರು ಅನುಮಾನಿಸಿದಾಗ "ನೀರಿಗೆ ಕಣ್ಣಿದೆಯೇನ್ರೀ? ಅದಕ್ಕಿಲ್ಲದ್ದು ಇವಳಿಗ್ಯಾಕೆ ಬೇಕು?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರೆಂದು ನಮ್ಮ ಬ್ಯಾಚಿನಲ್ಲಿ ಸುದ್ದಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬರೆಯುವುದನ್ನು ಓದಿ ಯಾರೂ ಅವರನ್ನು ಕೆಟ್ಟವರೆಂದುಕೊಳ್ಳಬಾರದು.

ಮೊದಲ ವಾರವೆಲ್ಲ ಬ್ಯಾಚಿನ ಹೆಂಗಸರು ಅವಳನ್ನು ಕಂಡಾಗಲೆಲ್ಲ "ಪಾಪ" ಎನ್ನುತ್ತಿದ್ದರು.

"ಪಾಪ, ಈ ಹುಡುಗೀಗೆ ಯಾಕೆ ಬೇಕಿತ್ತು ಇಂಥ ಸಾಹಸ? ಮನೇಲಿ ಕೂತ್ಕೊಂಡು ಸಂಗೀತ ಕಲೀಬೋದಿತ್ತಪ್ಪ," ಎಂದರು ಒಬ್ಬರು, ಅವಳಿಗೆ ಕಣ್ಣಿನ ಜೊತೆ ಕಿವಿಯೂ ಇಲ್ಲವೆಂಬಂತೆ.

ಶವರಿನ ಕೆಳಗಿಂದ ಉತ್ತರ ಬಂತು. "ಆಂಟಿ, ನನ್ನ ಹಾಡು ಒಂದ್ಸಲ ಕೇಳಿದ್ರೆ ನೀವೇ ನನ್ನ ನೀರಿಗೆ ತಳ್ತೀರ."

ಎಲ್ಲರೂ ನಕ್ಕರು. ಅವಳನ್ನು ಕಂಡರೆ ಎಲ್ಲರಿಗೂ ಇಷ್ಟವಾಯಿತು. ಆದರೂ ಅವಳಿಗೆ ಸಿಕ್ಕಿದ್ದು ಐದನೇ ಲೇನ್, ಪಂಪ್‌ಹೌಸಿನ ಪಕ್ಕದ್ದು, ಯಾರಿಗೂ ಬೇಡವಾದದ್ದು.

ಕಣ್ಣು ಕಾಣದವರು ಈಜುವಾಗ ಗೋಡೆ ಹತ್ತಿರ ಬಂತೆಂದು ಯಾರಾದರೂ ತಿಳಿಸಬೇಕು. ಕೂಗಿದರೆ ನೀರಿನಲ್ಲಿ ಕೇಳಿಸುವುದಿಲ್ಲ. ಅದಕ್ಕೆ ಕೊಳದ ಎರಡೂ ತುದಿಯಲ್ಲಿ ಒಬ್ಬೊಬ್ಬರು ಉದ್ದನೆಯ ಕೋಲು ಹಿಡಿದು ನಿಲ್ಲುತ್ತಾರೆ. ಗೋಡೆಗೆ ಇನ್ನು ಒಂದೆರಡು ಕೈಬೀಸು ಉಳಿದಿದೆ ಎನ್ನುವಾಗ ಕೋಲಿನ ತುದಿಯಿಂದ ತಲೆಗೋ ಬೆನ್ನಿಗೋ ಒಮ್ಮೆ ತಟ್ಟಬೇಕು. ಮೊದಲೇ ತಟ್ಟಿದರೆ ಅವರ ವೇಗ ಹೋಗುತ್ತದೆ, ತಡವಾದರೆ ಗೋಡೆ. ಅಷ್ಟೇ ಕೆಲಸ. ನಮ್ಮದು ಬಿದಿರಿನ ಕೋಲು. ತುದಿಗೆ ಟೆನಿಸ್ ಚೆಂಡಿಟ್ಟು, ಮೇಲೆ ಹಳೆಯ ಕಾಲುಚೀಲ ಹಾಕಿ ಬಿಗಿದಿದ್ದೆವು.

ಆಳದ ತುದಿಯಲ್ಲಿ ಕೋಚ್ ನಿಲ್ಲುತ್ತಿದ್ದರು. ಈಚೆ ತುದಿಗೆ ಒಬ್ಬರು ಬೇಕಾಗಿತ್ತು. "ಯಾರಾದ್ರೂ ನಿಂತ್ಕೊಳ್ತೀರಾ?" ಎಂದು ಅವರು ಕೇಳಿದ ದಿನ ನನಗೆ ಭುಜನೋವು, ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಎದ್ದೆ. ಭುಜನೋವು ಹದಿನೈದು ದಿನಕ್ಕೆ ಹೋಯಿತು, ಕೋಲು ನನ್ನ ಕೈಯಲ್ಲೇ ಉಳಿಯಿತು. ದಿನವೂ ಮುಕ್ಕಾಲು ಗಂಟೆ ಅವಳಿಗೆ, ಉಳಿದ ಕಾಲು ಗಂಟೆ ನನ್ನ ಈಜಿಗೆ.

ಮೊದಮೊದಲು ನನಗೆ ತಟ್ಟಲು ಭಯ. ಯಾರ ತಲೆಗಾದರೂ ಕೋಲಿನಿಂದ ಹೊಡೆದು ಅಭ್ಯಾಸವಿಲ್ಲವಲ್ಲ.

"ಅಕ್ಕ, ನಿಮ್ಮ ಕೋಲಿಗೆ ಸಂಕೋಚ ಜಾಸ್ತಿ," ಎನ್ನುತ್ತಿದ್ದಳು, ಗೋಡೆ ಹಿಡಿದು ಏದುಸಿರು ಬಿಡುತ್ತ. "ಜೋರಾಗ್ ತಟ್ಟಿ. ನೊಣ ಕೂತಿದ್ಯೋ ಕೋಲು ಬಂತೋ ನಂಗೆ ಗೊತ್ತಾಗ್ಬೇಡ್ವಾ?"

ಕೋಲು ಇದ್ದರೂ ಅವಳು ಒಳಗೊಳಗೇ ಎಣಿಸುತ್ತಿದ್ದಳು. ಆ ಗೋಡೆಯಿಂದ ಈ ಗೋಡೆಗೆ ಇಪ್ಪತ್ತೆರಡು ಕೈಬೀಸು. ಹದಿನೆಂಟು ಬರುತ್ತಲೇ ಅವಳ ಮೈ ಬಿಗಿಯಾಗುತ್ತಿತ್ತು, ತಲೆ ಮೇಲೇಳುತ್ತಿತ್ತು, ಕೈ ಈಜುವುದನ್ನು ಬಿಟ್ಟು ಗೋಡೆಯನ್ನು ತಡಕುತ್ತಿತ್ತು. ಚಿಕ್ಕವಳಿದ್ದಾಗ ಎರಡು ಸಲ ಹೊಡೆದುಕೊಂಡು ಕಲಿತ ಲೆಕ್ಕ ಅದು. ಅವಳ ವೇಗವೆಲ್ಲ ಆ ಕೊನೆಯ ನಾಲ್ಕು ಬೀಸಿನಲ್ಲಿ ಸೋರಿಹೋಗುತ್ತಿತ್ತು.

"ಎಣಿಸೋದು ಬಿಟ್ರೆ ಸೆಲೆಕ್ಟ್ ಆಗ್ತಾಳೆ. ಬಿಡಲ್ಲ ಅಂದ್ರೆ ಇಲ್ಲ. ಇರೋದು ಇಷ್ಟೇ," ಎಂದು ಕೋಚ್ ಒಂದು ದಿನ ನನ್ನೆದುರಿಗೇ ಅವಳಿಗೆ ಹೇಳಿದರು.

ಕೋಚ್ ಆಚೆ ಹೋದ ಮೇಲೆ ನಾನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಎಣಿಸ್ಬೇಡ ಕಣೇ. ನಾನಿದೀನಲ್ಲ," ಎಂದೆ.

"ಹೇಳೋದು ಸುಲಭ ಅಕ್ಕ. ಓಡೋ ಬಸ್ಸಲ್ಲಿ ಕಂಬಿ ಬಿಟ್ಟು ನಿಂತ ಹಾಗೆ ಅದು."

"ಬಿಟ್ಟು ನಿಂತ್ಕೋ. ಬಿದ್ರೆ ನಾನು ಹಿಡ್ಕೊಳ್ತೀನಿ."

"ಪ್ರಾಮಿಸ್?"

"ಪ್ರಾಮಿಸ್."

ನೀರು ತೊಟ್ಟಿಕ್ಕುವ ಕೈ ಮುಂದೆ ಚಾಚಿದಳು. ಅದರ ಮೇಲೆ ನನ್ನ ಕೈ ಹೊಡೆದೆ.

ಮೂರು ದಿನ ಅವಳಿಂದ ಆಗಲಿಲ್ಲ. ನಾಲ್ಕನೆಯ ದಿನ ಆಯಿತು. ತಲೆ ಮೇಲೇಳಲಿಲ್ಲ, ಕೈ ತಡಕಲಿಲ್ಲ; ಕೋಲು ತಾಗಿದ ಮರುಕ್ಷಣ ಮೀನಿನ ಹಾಗೆ ತಿರುಗಿ ಹೊರಟುಹೋದಳು. ಕೋಚ್ ಕೊಳದ ಉದ್ದಕ್ಕೂ ನಡೆದು ಬಂದು ಸ್ಟಾಪ್‌ವಾಚನ್ನು ನನ್ನ ಮುಖದ ಮುಂದೆ ಹಿಡಿದರು. ಅಂದು ಬಟ್ಟೆ ಬದಲಾಯಿಸುತ್ತ ಹುಡುಗಿ ಹೇಳಿದ ಮಾತು ನೆನಪಿದೆ. "ಅಕ್ಕ, ತಲೆ ಒಳಗೆ ಎಷ್ಟು ಜಾಗ ಖಾಲಿ ಇದೆ ಗೊತ್ತಾ? ಎಣಿಸ್ತಾ ಇದ್ದಾಗ ಗೊತ್ತೇ ಇರ್ಲಿಲ್ಲ."

ಅಪಘಾತವಾದ ದಿನ ಆಯ್ಕೆಗೆ ಮೂರು ವಾರ ಉಳಿದಿತ್ತು. ಅಂದು ಐವತ್ತು ಮೀಟರನ್ನು ಪೂರ್ತಿ ವೇಗದಲ್ಲಿ ಈಜಿಸಿ ಸಮಯ ನೋಡುವುದೆಂದು ಕೋಚ್ ಹೇಳಿದ್ದರು. ಆಳದ ತುದಿಯಿಂದ ಹಾರಬೇಕು, ನನ್ನ ತುದಿಯಲ್ಲಿ ತಿರುಗಿ ವಾಪಸು ಹೋಗಬೇಕು. ಕೋಚ್ ಸೀಟಿ ಊದಿದರು. ಅವಳು ಹಾರಿದಳು. ಅದನ್ನು ನಾನು ಕಣ್ಣಾರೆ ನೋಡಿದೆ. ಅವಳು ಬರುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಬೆನ್ನ ಹಿಂದೆ ಕಬ್ಬಿಣದ ಗೇಟು ಕಿರುಗುಟ್ಟಿತು. "ಏನಮ್ಮಾ, ಚೆನ್ನಾಗಿದೀಯಾ?" ಎಂಬ ದನಿ. ಮಿಸ್. ಹುಡುಗಿ ನಮ್ಮ ಕೊಳದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆಂಬ ಪತ್ರ ಅವಳ ಅರ್ಜಿಗೆ ಬೇಕಿತ್ತು. ಅದನ್ನು ತಾವೇ ಕೈಯಾರೆ ಕೊಡೋಣವೆಂದು ಬಂದಿದ್ದರು.

ನಮ್ಮ ಶಾಲೆಯಲ್ಲಿ ಒಂಟಿ ಕೈಯಲ್ಲಿ ನಮಸ್ಕಾರ ಮಾಡುವುದು ದೊಡ್ಡ ಅಪರಾಧವಾಗಿತ್ತು. ಕೈಯಲ್ಲಿ ಪುಸ್ತಕವಿರಲಿ, ಊಟದ ಡಬ್ಬಿಯಿರಲಿ, ಕೆಳಗಿಟ್ಟು ಎರಡೂ ಕೈ ಜೋಡಿಸಬೇಕು. "ಸಾಮಾನು ಎಲ್ಲೂ ಓಡಿಹೋಗಲ್ಲ, ಮೊದಲು ಕೈ ಮುಗಿ," ಎಂದು ಹೇಳಿ ಹೇಳಿ ಮಿಸ್ ಅದನ್ನು ನಮ್ಮ ಮೂಳೆಗೆ ಇಳಿಸಿದ್ದರು. ನಲವತ್ತು ದಾಟಿದ ಮೇಲೂ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ತರಕಾರಿ ಚೀಲ ಇಳಿಸಿ ಅವರಿಗೆ ಕೈ ಮುಗಿಯುವ ಹೆಂಗಸರು ನಾವು ಎಷ್ಟೋ ಜನ ಇದ್ದೇವೆ.

ನಾನು ತಿರುಗಿದೆ. ಕೋಲನ್ನು ನೆಲದ ಮೇಲಿಟ್ಟೆ. ಎಸೆಯಲಿಲ್ಲ, ಸದ್ದಾಗದ ಹಾಗೆ ಬಗ್ಗಿ, ಅಂಚಿಗೆ ಸಮಾನಾಂತರವಾಗಿ ಇಟ್ಟೆ. ನೆಟ್ಟಗೆ ನಿಂತು ಎರಡೂ ಕೈ ಜೋಡಿಸಿದೆ. "ನಮಸ್ಕಾರ ಮಿಸ್, ಚೆನ್ನಾಗಿದೀನಿ," ಎಂದೆ. ಅವರು ನಕ್ಕರು. ನಾನೂ ನಕ್ಕೆ.

ಆಗ ಆ ಸದ್ದು.

ಅವಳು ಮುಖ ಕೆಳಗಾಗಿ ತೇಲುತ್ತಿದ್ದಳು. ಎಡಗೈ ಜೋತುಬಿದ್ದಿತ್ತು. ಬಲಗೈ ಮಾತ್ರ ಇನ್ನೂ ಈಜುತ್ತಿತ್ತು. ನಿಧಾನವಾಗಿ ಒಂದು ಬೀಸು, ಮತ್ತೆ ಅರ್ಧ. ಆಮೇಲೆ ಅದೂ ನಿಂತಿತು. ತಲೆಯ ಸುತ್ತ ನೀರಿನ ಬಣ್ಣ ಬದಲಾಗುತ್ತಿತ್ತು. ನಾನು ಬಟ್ಟೆ ಸಮೇತ ಹಾರಿದೆ. ಅವಳನ್ನು ಎತ್ತಿ ಎದೆಗೆ ಒರಗಿಸಿಕೊಳ್ಳಲು ಹೋದಾಗ ಆಚೆ ತುದಿಯಿಂದ ಕೋಚ್ ಕಿರುಚಿದರು: "ಕತ್ತು! ಕತ್ತು ತಿರುಗಿಸ್ಬೇಡಿ! ಹಲಗೆ ಥರ ಹಿಡೀರಿ!" ಹಾಗೆ ಹೇಗೆ ಹಿಡಿಯುವುದೆಂದು ನನಗೆ ಗೊತ್ತಿರಲಿಲ್ಲ. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನ ಕೆಳಗೆ ಕೊಟ್ಟು ಮಗುಚಿದೆ. ಮುಖ ಬೆಳ್ಳಗಿತ್ತು. ಉಸಿರಿರಲಿಲ್ಲ. ಕೋಚ್ ಈಜಿ ಬಂದು ಅವಳ ದವಡೆ ಎತ್ತಿ ಹಿಡಿದ ಮೇಲೆ ಕೆಮ್ಮಿದಳು.

ಎಷ್ಟು ಹೊತ್ತು ಅವಳು ಉಸಿರಾಡಲಿಲ್ಲವೋ ತಿಳಿಯದು. ಮನಸ್ಸಿನಲ್ಲಿ ಅದನ್ನು ಮತ್ತೆ ಮತ್ತೆ ಓಡಿಸುತ್ತೇನೆ. ಒಮ್ಮೆ ಎರಡು ಕ್ಷಣ, ಒಮ್ಮೆ ಒಂದು ಇಡೀ ಮಧ್ಯಾಹ್ನ. ಕೆಲವೊಮ್ಮೆ ಆ ಓಟದಲ್ಲಿ ನಾನು ಕೋಲು ಕೆಳಗಿಡುವುದೇ ಇಲ್ಲ. ನೀರಿನ ಕಡೆಯಿಂದ ತಿರುಗದೆಯೇ, "ಒಂದ್ನಿಮಿಷ ಮಿಸ್," ಎನ್ನುತ್ತೇನೆ. ಎರಡು ಪದ. ಹೇಳಿದ್ದರೆ ಮಿಸ್ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅದು ನನಗೆ ಅಂದೂ ಗೊತ್ತಿತ್ತು.

ಆಂಬುಲೆನ್ಸಿನಲ್ಲಿ ಅವಳಿಗೆ ಪೂರ್ತಿ ಪ್ರಜ್ಞೆ ಬಂತು. ಕತ್ತಿಗೆ ಪಟ್ಟಿ ಕಟ್ಟಿದ್ದರು. ತುಟಿ ಮಾತ್ರ ಅಲುಗಿತು.

"ಗೋಡೆ ಎಲ್ಲಿಂದ ಬಂತು ಅಕ್ಕ?"

"ಮಾತಾಡ್ಬೇಡ. ಸುಮ್ನೆ ಮಲ್ಕೋ," ಎಂದೆ.

ಹಣೆಗೆ ಹೊಲಿಗೆ ಬಿತ್ತು. ಎಡ ಮಣಿಕಟ್ಟಿನ ಮೂಳೆ ಮುರಿದಿತ್ತು. ಕತ್ತಿನ ಮೂಳೆಗೆ ಏನೂ ಆಗಿರಲಿಲ್ಲ. "ಪೆಟ್ಟು ಸ್ವಲ್ಪ ಆ ಕಡೆ ಬಿದ್ದಿದ್ರೆ ಕತ್ತಿಂದ ಕೆಳಗೆ ಏನೂ ಅಲ್ಲಾಡ್ತಿರ್ಲಿಲ್ಲ," ಎಂದರು ಡಾಕ್ಟರು, ಹವಾಮಾನ ಹೇಳುವ ದನಿಯಲ್ಲಿ. ತಾಯಿ ಕೆಲಸದಿಂದ ನೇರವಾಗಿ ಓಡಿಬಂದರು. ಸರ್ಕಾರಿ ಕಚೇರಿಯಲ್ಲಿ ಡಿ ಗ್ರೂಪ್ ನೌಕರಿ. ಗುರುತಿನ ಚೀಟಿ ಇನ್ನೂ ಕತ್ತಿನಲ್ಲೇ ನೇತಾಡುತ್ತಿತ್ತು. ನನ್ನ ಬಟ್ಟೆ ಒದ್ದೆಯಾಗಿರುವುದನ್ನು ನೋಡಿದರು. ನನ್ನೆರಡೂ ಕೈ ಹಿಡಿದುಕೊಂಡು, "ನೀವು ಹಾರಿದ್ದಕ್ಕೆ ಉಳೀತಮ್ಮ ನನ್ನ ಮಗು," ಎಂದು ಅತ್ತರು. ನಾನೂ ಅತ್ತೆ. ಏನೂ ಹೇಳಲಿಲ್ಲ.

ಕೋಚ್ ಗೋಡೆಗೊರಗಿ ನಿಂತು ನೋಡುತ್ತಿದ್ದರು. ತಾಯಿ ಒಳಗೆ ಹೋದ ಮೇಲೆ ಹತ್ತಿರ ಬಂದರು.

"ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ," ಎಂದೆ.

ಮರುವಾರ ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಸಮಿತಿ ಸೇರಿತು. ಅದಕ್ಕೆ ಎರಡು ದಿನ ಮೊದಲು ಮಿಸ್ ಫೋನ್ ಮಾಡಿದರು. ಅವರ ದನಿ ಅಷ್ಟು ಸೋತದ್ದನ್ನು ನಾನು ಕೇಳಿರಲಿಲ್ಲ. "ನೀನು ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡವಳು. ನಡೆದದ್ದನ್ನ ಒಂದು ಪುಟ ಬರೆದುಕೊಡಮ್ಮ. ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರೂ ಬರೆಯಲ್ಲ," ಎಂದರು. ಆಮೇಲೆ, "ನನಗೆ ಅದು ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಆ ಹೊತ್ತಿಗೇ ಬರಬೇಕಾ?" ಎಂದರು. ಅಂಥ ದೃಶ್ಯವನ್ನು ನೋಡಬೇಕಾಯಿತಲ್ಲ ಎಂಬ ಅರ್ಥದಲ್ಲಿ ಅಷ್ಟೇ. ತಾವು ಬಂದದ್ದಕ್ಕೂ ನಡೆದದ್ದಕ್ಕೂ ಸಂಬಂಧವಿದೆ ಎಂಬುದು ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಶಿಷ್ಯೆ ಕೈ ಮುಗಿದಳು, ಅದು ಗಾಳಿ ಬೀಸಿದಷ್ಟು ಸಹಜ.

ಬರೆಯಲು ಕೂತೆ. "ಮಿಸ್ ಬಂದರು, ನಾನು ಕೋಲು ಕೆಳಗಿಟ್ಟು ನಮಸ್ಕಾರ ಮಾಡಿದೆ" ಎಂದು ಬರೆದು ನೋಡಿದೆ. ಅದನ್ನು ಸಮಿತಿಯಲ್ಲಿ ಯಾರೋ ಗಟ್ಟಿಯಾಗಿ ಓದುವಾಗ ಮಿಸ್ ಮುಖ ಹೇಗಾಗಬಹುದೆಂದು ಯೋಚಿಸಿದೆ. ಅವರಿಗಾಗಿ ಯೋಚಿಸಿದೆ ಎಂದು ಆಗ ನಂಬಿದ್ದೆ. ಹಾಳೆ ಹರಿದು ಇನ್ನೊಂದು ಬರೆದೆ. ಈಜುಗಾರ್ತಿ ನಿರೀಕ್ಷೆಗಿಂತ ವೇಗವಾಗಿ ಬಂದದ್ದರಿಂದ ಕೋಲು ತಾಗಿದರೂ ತಡೆದುಕೊಳ್ಳಲಾಗದೆ ಗೋಡೆಗೆ ತಲೆ ತಗುಲಿತು ಎಂದು ಬರೆದೆ. ದೃಷ್ಟಿ ಇಲ್ಲದ ಕಾರಣ ಅವಳು ತಾನಾಗಿ ಎಚ್ಚರ ವಹಿಸಲು ಸಾಧ್ಯವಾಗಲಿಲ್ಲ ಎಂದೂ ಸೇರಿಸಿದೆ. ಅವಳು ನಿರೀಕ್ಷಿಸಿದಷ್ಟೇ ವೇಗದಲ್ಲಿ ಬಂದಿದ್ದಳು. ಅಷ್ಟು ವೇಗ ಬರಲೆಂದು ತಾನೇ ನಾವು ಆರು ತಿಂಗಳು ದುಡಿದದ್ದು.

ಸಭೆಯಲ್ಲಿ ಕೋಚ್ ಎದ್ದು ನಿಂತು, "ಕೋಲು ಹಿಡಿದವರು ಆ ಕಡೆ ತಿರುಗಿದ್ರು. ಹುಡುಗೀದೇನೂ ತಪ್ಪಿಲ್ಲ," ಎಂದರಂತೆ. ನಾನು ಹೋಗಿರಲಿಲ್ಲ, ಜ್ವರವೆಂದು ಹೇಳಿ ಕಾಗದ ಮಾತ್ರ ಕಳಿಸಿದ್ದೆ. "ನೀವು ಇಪ್ಪತ್ತೈದು ಮೀಟರ್ ದೂರದಲ್ಲಿ ಇದ್ರಿ. ಪಕ್ಕದಲ್ಲಿದ್ದವರೇ ಬರೆದುಕೊಟ್ಟಿದಾರಲ್ಲ," ಎಂದು ಸಮಿತಿಯವರು ಅವರನ್ನು ಕೂರಿಸಿದರು. ಯಾರನ್ನೂ ದೂರಬಾರದು, ಇದು ಯಾರದೂ ತಪ್ಪಲ್ಲ ಎಂದು ಎಲ್ಲರೂ ಒಪ್ಪಿದರು. ಕಾಫಿ ಕುಡಿದು ಠರಾವು ಪಾಸು ಮಾಡಿದರು: ದೃಷ್ಟಿ ಸಮಸ್ಯೆ ಇರುವವರಿಗೆ ಅವರದೇ ಸುರಕ್ಷತೆಯ ದೃಷ್ಟಿಯಿಂದ ಇನ್ನು ಕೊಳಕ್ಕೆ ಪ್ರವೇಶವಿಲ್ಲ.

ಹಿಂದಿನ ಬೇಸಿಗೆಯಲ್ಲಿ ಎರಡೂ ಕಣ್ಣು ಚೆನ್ನಾಗಿ ಕಾಣುವ ಕಾಲೇಜು ಹುಡುಗಿಯೊಬ್ಬಳು ಆಳವಿಲ್ಲದ ಕಡೆ ತಲೆಕೆಳಗಾಗಿ ಹಾರಿ ಮುಂಬಲ್ಲು ಮುರಿದುಕೊಂಡಿದ್ದಳು. ಆಗ ಕಣ್ಣಿದ್ದವರನ್ನು ನಿಲ್ಲಿಸಿ ಎಂದು ಯಾರೂ ಠರಾವು ಮಾಡಲಿಲ್ಲ. ಆಳದ ಗುರುತನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದರು, ಅಷ್ಟೆ.

ಠರಾವಿನ ಸುದ್ದಿ ಸಂಘದ ಗೋಡೆಯ ಮೇಲೆ ಬಂದ ದಿನದಿಂದ ನಾನು ಈಜಲು ಹೋಗಲಿಲ್ಲ. ಹುಡುಗಿಗೆ ದಿನವೂ ಫೋನ್ ಮಾಡುತ್ತಿದ್ದವಳು ವಾರಕ್ಕೊಮ್ಮೆ ಮಾಡತೊಡಗಿದೆ, ಆಮೇಲೆ ಅದೂ ನಿಂತಿತು. ಆಯ್ಕೆಯ ದಿನ ಬಂತು, ಹೋಯಿತು. ಅವಳ ಕೈ ಆಗ ಪ್ಲಾಸ್ಟರಿನಲ್ಲಿತ್ತು. ಮುಂದಿನ ವರ್ಷದ ಆಯ್ಕೆ ಇದ್ದೇ ಇದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಅವಳು ಎಲ್ಲಿ ಈಜಿ ತಯಾರಾಗಬೇಕು? ನಮ್ಮ ಠರಾವನ್ನು ತೋರಿಸಿ ಇನ್ನೂ ಒಂದು ಕೊಳದವರು, "ಅವರೇ ಬೇಡ ಅಂದ್ಮೇಲೆ ನಾವ್ ಹೇಗ್ ಸೇರಿಸ್ಕೊಳೋದು?" ಎಂದರೆಂದು ಕೋಚ್ ಸಂದೇಶ ಕಳಿಸಿದರು. ಬೈಗುಳ ಒಂದೂ ಇರಲಿಲ್ಲ ಅದರಲ್ಲಿ. ಕೊನೆಯಲ್ಲಿ ಇಷ್ಟೇ ಇತ್ತು: "ನಿಮ್ಮ ಒಂದು ಪುಟ ತುಂಬಾ ದೂರ ಹೋಗ್ತಿದೆ."

ಅದನ್ನು ಓದಿದ ಮರುದಿನ ಚಾಮರಾಜಪೇಟೆಗೆ ಹೋದೆ. ರಜೆಯ ದಿನ, ತಾಯಿ ಮನೆಯಲ್ಲಿದ್ದರು. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಶಾಲೆಯ ದಿನಗಳಿಂದ ಅವಳು ಗೆದ್ದ ಪದಕಗಳು ಒಂದೇ ಮೊಳೆಗೆ ನೇತಾಡುತ್ತಿದ್ದವು. ಹುಡುಗಿ ನೆಲದ ಮೇಲೆ ಕೂತು ಮೆತ್ತನೆಯ ಚೆಂಡೊಂದನ್ನು ಎಡಗೈಯಲ್ಲಿ ಹಿಸುಕುತ್ತಿದ್ದಳು, ಮಣಿಕಟ್ಟಿಗೆ ಬಲ ಬರಲೆಂದು. ಹಣೆಯ ಗಾಯ ಒಣಗಿತ್ತು. ಅಡ್ಡ ಗೆರೆಯೊಂದು ಉಳಿದಿತ್ತು.

"ಬಂದ್ರಾ ಅಕ್ಕ? ನಿಮ್ಮ ಚಪ್ಪಲಿ ಸದ್ದು ಮರ್ತೇ ಹೋಗಿತ್ತು," ಎಂದಳು.

ತಾಯಿ ಟೀ ಮಾಡಲು ಒಳಗೆ ಹೋದರು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಪೀಠಿಕೆಯನ್ನೆಲ್ಲ ಬಿಟ್ಟೆ.

"ಅವತ್ತು ನಾನು ಕೋಲು ಕೆಳಗಿಟ್ಟಿದ್ದೆ," ಎಂದೆ. "ನೀನು ಜೋರಾಗಿ ಬಂದಿದ್ದಕ್ಕಲ್ಲ. ಮಿಸ್ ಬಂದ್ರು. ಕೈ ಮುಗಿಯೋಕೆ ಕೆಳಗಿಟ್ಟೆ."

ಚೆಂಡು ಹಿಸುಕುವುದು ನಿಂತಿತು.

"ಓ, ಅದಕ್ಕಾ?" ಎಂದಳು. "ಕೋಲು ಬರ್ಲಿಲ್ಲ ಅಂತ ನಂಗೆ ಗೊತ್ತಿತ್ತಲ್ಲ ಅಕ್ಕ. ಯಾಕೆ ಬರ್ಲಿಲ್ಲ ಅಂತ ಮಾತ್ರ ಗೊತ್ತಿರ್ಲಿಲ್ಲ."

"ಗೊತ್ತಿತ್ತಾ?"

"ತಲೆ ನಂದಲ್ವಾ?" ನಗಲು ನೋಡಿದಳು, ಆಗಲಿಲ್ಲ. "ನಿಮ್ಮ ಮಿಸ್ಸು, ಕಮಿಟಿಯ ಇನ್ನೊಬ್ರು ಸರ್ರು ಹಣ್ಣು ತಗೊಂಡು ಆಸ್ಪತ್ರೆಗೆ ಬಂದಿದ್ರು. ಕೋಲು ತಾಗೇ ಇಲ್ಲ ಅಂತ ಹೇಳ್ದೆ. ಮಿಸ್ಸು ಕೆನ್ನೆ ತಟ್ಟಿ, ಪೆಟ್ಟು ಬಿದ್ದಾಗ ನೆನಪು ಹಾಗೇ ಆಗುತ್ತಮ್ಮ ಅಂದ್ರು. ಆ ಸರ್ರು, ನೋಡ್ದೇ ಇರೋಳು ನೀನು ಹೇಗೆ ಹೇಳೋಕಾಗುತ್ತೆ ಅಂದ್ರು. ಅಕ್ಕ ಬಂದು ಹೇಳ್ತಾರೆ ಅಂದ್ಕೊಂಡು ಸುಮ್ನಾದೆ."

ಕೋಲು ತಾಗಿತೋ ಇಲ್ಲವೋ ಎಂಬುದನ್ನು ಆ ಇಡೀ ಕೊಳದಲ್ಲಿ ನಿಸ್ಸಂಶಯವಾಗಿ ಬಲ್ಲವಳು ಅವಳೊಬ್ಬಳೇ. ಅವಳ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನನ್ನದನ್ನು ಫೈಲಿಗೆ ಹಾಕಿದರು.

ತಾಯಿ ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಲೋಟ ಮಗಳ ಮುಂದಿಟ್ಟರು, ಇನ್ನೊಂದು ನನ್ನ ಮುಂದೆ. ಅವರು ಕೂತು ಒಂದೇ ಮಾತು ಹೇಳಿದರು. "ನಿಮ್ಮ ಕೈ ಹಿಡ್ಕೊಂಡು ಅತ್ತಿದ್ದೆ ನಾನು."

ಟೀ ಮುಟ್ಟದೆ ಎದ್ದು ಬಂದೆ.

ಅಂದೇ ಸಂಜೆ ಎರಡನೆಯ ಕಾಗದ ಬರೆದೆ. ಈ ಸಲ ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಮೊದಲು ಬರೆದುಕೊಟ್ಟದ್ದು ಸುಳ್ಳೆಂದು ಬರೆದು ಸಹಿ ಹಾಕಿದೆ. ಮಿಸ್ ಮನೆಗೆ ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಒಮ್ಮೆ ಓದಿ ಮತ್ತೊಮ್ಮೆ ಓದಿದರು.

"ನನಗೆ ನಮಸ್ಕಾರ ಮಾಡೋಕೆ?" ಎಂದರು.

"ಹೌದು ಮಿಸ್."

"ದಡ್ಡಿ." ಹೈಸ್ಕೂಲಿನಲ್ಲಿ ಎಂದೂ ನನಗೆ ಅವರು ಆ ಮಾತು ಅಂದಿರಲಿಲ್ಲ. ಕಾಗದವನ್ನು ಮಡಿಸಿದರು. "ಆ ಮಗು ಹೇಳಿದ್ದು ನಿಜ ಹಾಗಾದ್ರೆ. ನಾನು ಅವಳ ಕೆನ್ನೆ ತಟ್ಟಿ ಬಾಯಿ ಮುಚ್ಚಿಸಿ ಬಂದೆನಲ್ಲೇ."

ಮಿಸ್ ತಮ್ಮ ಕೈಲಾದಷ್ಟು ಮಾಡಿದರು. ಕಾಗದವನ್ನು ಮುಂದಿನ ಸಭೆಯಲ್ಲಿ ತಾವೇ ಎದ್ದು ನಿಂತು ಓದಿದರು, ನಮಸ್ಕಾರದ ಸಾಲನ್ನೂ ಬಿಡದೆ. ಸಮಿತಿಯವರು ಮುಜುಗರದಿಂದ ಕೇಳಿಸಿಕೊಂಡರು. ಆದರೆ ಪಾಸಾದ ಠರಾವನ್ನು ರದ್ದು ಮಾಡಿದರೆ ನಾಳೆ ಏನಾದರೂ ಆದಾಗ ಹೊಣೆ ಯಾರು ಎಂದರು. ಬಹಳ ಚರ್ಚೆಯಾಗಿ ಕೊನೆಗೆ ಒಂದು ರಾಜಿಗೆ ಬಂದರು. ಮಧ್ಯಾಹ್ನ ಎರಡರಿಂದ ಮೂರು, ಯಾವ ಬ್ಯಾಚೂ ಇಲ್ಲದ ಹೊತ್ತಿನಲ್ಲಿ, ತಾಯಿ ಮುಚ್ಚಳಿಕೆ ಬರೆದುಕೊಟ್ಟು ಕೊಳದ ಬಳಿ ಹಾಜರಿರುವುದಾದರೆ ಅವಳೊಬ್ಬಳೇ ಈಜಬಹುದು.

ಸುದ್ದಿ ತಿಳಿಸುವ ಕೆಲಸವನ್ನು ಮಿಸ್ ನನಗೇ ಬಿಟ್ಟರು. ಫೋನ್ ಮಾಡಿ ಹೇಳಿದೆ. ಅಮ್ಮನ ಡ್ಯೂಟಿ ಐದೂವರೆವರೆಗೆ ಎಂಬುದನ್ನು ಅವಳು ಎತ್ತಲೇ ಇಲ್ಲ.

"ಆ ಟೈಮಲ್ಲಿ ಬೇರೆ ಯಾರು ಈಜ್ತಿರ್ತಾರೆ?" ಎಂದು ಕೇಳಿದಳು.

"ಯಾರೂ ಇರಲ್ಲ. ಇಡೀ ಕೊಳ ನಿಂಗೇ."

"ಪಕ್ಕದ ಲೇನಲ್ಲೂ?"

"ಅಲ್ಲೂ ಇಲ್ಲ."

ವಠಾರದ ನಲ್ಲಿಯ ಸದ್ದಿನಿಂದ ದೂರ ಸರಿದು ಹೇಳಿದಳು.

"ಪಕ್ಕದಲ್ಲಿ ಯಾರಾದ್ರೂ ಈಜ್ತಿದ್ರೆ ಅವ್ರ ನೀರು ಬಂದು ನನ್ನ ಮೈಗೆ ಹೊಡೆಯುತ್ತೆ ಅಕ್ಕ. ಯಾರು ಮುಂದೆ ಇದಾರೆ, ಯಾರು ಹಿಂದೆ ಬಿದ್ರು, ಎಲ್ಲ ಗೊತ್ತಾಗುತ್ತೆ. ಒಬ್ಬಳೇ ಅಂದ್ರೆ ಯಾರನ್ನ ಹಿಂದೆ ಹಾಕ್ಲಿ? ಬೇಡ ಅಂತ ಹೇಳ್ಬಿಡಿ ಅವ್ರಿಗೆ."

ಮಲ್ಲೇಶ್ವರದ ಕಡೆ ಒಂದು ಕೊಳವಿದೆಯಂತೆ, ಕೋಚ್ ಅಲ್ಲಿ ಮಾತಾಡುತ್ತಿದ್ದಾರಂತೆ. ನೋಡೋಣ ಎಂದಿದ್ದಾರಂತೆ ಅಲ್ಲಿಯವರು. ಇದನ್ನೂ ಅವಳೇ ಹೇಳಿದಳು, ಊರ ಸುದ್ದಿಯ ಹಾಗೆ. ಅಲ್ಲಿ ಕೋಲು ಹಿಡಿಯುವವರು ಯಾರು ಎಂದು ನಾನು ಕೇಳಲಿಲ್ಲ. ನೀವು ಬರ್ತೀರಾ ಎಂದು ಅವಳೂ ಕೇಳಲಿಲ್ಲ. ಓದಲು ಇದೆ ಎಂದು ಹೇಳಿ ಫೋನ್ ಇಟ್ಟಳು.